ಗೈರು ಚೀಟಿ

6 ಜನವರಿ 2025, ಸೋಮವಾರ

ಗುತ್ತಿಗೆ ಏಜೆನ್ಸಿಯವರು ಹೊಸ ವರ್ಷಕ್ಕೆಂದು ಎಲ್ಲರಿಗೂ ಒಂದೊಂದು ಡೈರಿ ಹಂಚಿದರು. ಹದಿನಾಲ್ಕು ವರ್ಷ ದುಡಿಸಿಕೊಂಡು ಡೈರಿ! ರಟ್ಟಿನ ಮೇಲೆ ಏಜೆನ್ಸಿಯ ಹೆಸರು ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದೆ. ಒಳಗಿನ ಮೊದಲ ಪುಟದಲ್ಲಿ ನನ್ನ ವಿವರ ತುಂಬಬೇಕಂತೆ. ತುಂಬಿದೆ: ರಾಧಾಮಣಿ, ನಲವತ್ತಾರು ವರ್ಷ, ಅಲ್ಲಾಳಸಂದ್ರ. ‘ಹುದ್ದೆ’ ಎಂಬ ಗೆರೆಯ ಮುಂದೆ ಏನು ಬರೆಯಬೇಕೋ ತಿಳಿಯದೆ ಹಾಗೇ ಬಿಟ್ಟೆ.

ಹಳೇ ದಾಖಲೆಗಳ ಕಚೇರಿಯ ರೆಕಾರ್ಡ್ ರೂಮನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ವಹಾಬ್ ಸಾಹೇಬರು ರಿಟೈರ್ ಆಗಿ ಹನ್ನೆರಡು ವರ್ಷವಾಯಿತು. ಅಂದಿನಿಂದ ರೆಕಾರ್ಡ್ ಕೀಪರ್ ಹುದ್ದೆ ಖಾಲಿ. ಖಾಲಿ ಎಂದು ಸರ್ಕಾರ ಹೇಳುತ್ತದೆ. ಆ ಕುರ್ಚಿಯಲ್ಲಿ ಕೂತಿರುವ ನಾನು ಏನು, ಗಾಳಿಯೇ? ಕಾಗದ ಹುಡುಕುವವಳು ನಾನು, ಗಂಟು ಬಿಚ್ಚುವವಳು ನಾನು, ಧೂಳು ಕುಡಿಯುವವಳು ನಾನು. ರಿಜಿಸ್ಟರಿನ ಕೊನೆಯ ಕಾಲಮ್ಮಿಗೆ ಮಾತ್ರ ಶಿರಸ್ತೇದಾರ್ ಭೀಮರಾಜ್ ಬಂದು ಸಹಿ ಹಾಕಬೇಕು. ‘ರೆಕಾರ್ಡ್ ಕೀಪರ್ ಸಹಿ’ ಅಂತ ಆ ಕಾಲಮ್ಮಿನ ತಲೆಯ ಮೇಲೆ ಅಚ್ಚಾಗಿದೆ. ಗುತ್ತಿಗೆಯವರು ಅಲ್ಲಿ ಪೆನ್ನು ಇಡುವಂತಿಲ್ಲ. ಆ ಮನುಷ್ಯ ಓದುವುದೂ ಇಲ್ಲ, ಫೋನಿನಲ್ಲಿ ಮಾತಾಡುತ್ತಲೇ ಗೀಚುತ್ತಾನೆ.

9 ಜನವರಿ, ಗುರುವಾರ

ಇವತ್ತು ಒಂದು ತಮಾಷೆ ಸಿಕ್ಕಿತು. ಸ್ಕ್ಯಾನ್ ಮಾಡಲು ಕೆಳಗಿಳಿಸಿದ ಗಂಟಿನಲ್ಲಿ 1927ರ ಒಂದು ಫೈಲು. ‘ರೆಕಾರ್ಡ್ ಕೀಪರ್ ನೇಮಕ ಮತ್ತು ಪರೀಕ್ಷೆ’. ಊಟದ ಹೊತ್ತೆಲ್ಲ ಅದನ್ನೇ ಓದಿದೆ, ಡಬ್ಬಿಯಲ್ಲಿದ್ದ ಚಿತ್ರಾನ್ನ ಹಾಗೇ ಉಳಿಯಿತು.

ಆಗಿನ ಕಾಲದಲ್ಲಿ ಕೆಲಸ ಬೇಕಾದವನು ಮೊದಲು ಉಮೇದುವಾರನಾಗಿ ಕಚೇರಿಗೆ ಸೇರಬೇಕಿತ್ತಂತೆ. ಅಂದರೆ ಸಂಬಳವಿಲ್ಲ. ಕೂತು ನಕಲು ಬರೆಯುವುದು, ಗಂಟು ಹೊರುವುದು, ಅಮಲ್ದಾರರ, ಅಂದರೆ ಈಗಿನ ತಹಶೀಲ್ದಾರರ, ಕಣ್ಣಿಗೆ ಬೀಳುವುದು. ಜಾಗ ಖಾಲಿಯಾದಾಗ ಪರೀಕ್ಷೆ. ಮೊದಲು ಅಮಲ್ದಾರರ ಎದುರು ಕೂತು ಒಂದು ಪುಟ ಚಿತ್ತಿಲ್ಲದೆ ಬರೆಯಬೇಕು. ಆಮೇಲೆ ಹಳೇ ದಫ್ತರಗಳ ಕೂಡುಬರಹ, ಮೋಡಿ ಅಕ್ಷರ ಓದಬೇಕು. ಕೊನೆಗೆ ಹುಡುಕುವ ಪರೀಕ್ಷೆ: ಐದು ಕಾಗದಗಳ ಹೆಸರು ಕೊಡುತ್ತಾರೆ, ಒಂದು ಗಂಟೆಯೊಳಗೆ ರೂಮಿನಿಂದ ಹುಡುಕಿ ತರಬೇಕು.

ಚಿಕ್ಕಜಾಲದ ಅಪ್ಪೂರಾಯ ಎಂಬುವನು ಹೀಗೆ ಹನ್ನೊಂದು ವರ್ಷ ಉಮೇದುವಾರನಾಗಿದ್ದ. ಹನ್ನೊಂದು ವರ್ಷ, ಬಿಟ್ಟಿ! ವರ್ಷಕ್ಕೊಂದು ಅರ್ಜಿ ಕೊಟ್ಟಿದ್ದಾನೆ, ಪ್ರತಿಯೊಂದರ ಮೇಲೂ ‘ಮುಂದೆ ಪರಿಶೀಲಿಸಲಾಗುವುದು’ ಎಂಬ ಒಂದೇ ಷರಾ. ಕೊನೆಗೆ ಪರೀಕ್ಷೆ ಆಯಿತು. ಅಕ್ಷರಕ್ಕೆ ಪೂರ್ತಿ ಅಂಕ. ಹುಡುಕುವುದರಲ್ಲಿ ನಾಲ್ಕು ತಂದ, ಐದನೆಯದು ಸಿಗಲಿಲ್ಲ. ಅದು 1898ರ ಅಲ್ಲಾಳಸಂದ್ರ ಕೆರೆಯ ತೂಬಿನ ದುರಸ್ತಿ ವರದಿ. ಹುದ್ದೆ ಹಿಂದಿನ ರೆಕಾರ್ಡ್ ಕೀಪರನ ತಂಗಿಯ ಮಗನಿಗೆ ಹೋಯಿತು. ಅಪ್ಪೂರಾಯ ಮತ್ತೆ ಅರ್ಜಿ ಬರೆದ: ‘ಸದರಿ ಗಂಟು ನಾನೇ ಕಟ್ಟಿದ್ದು. ಕಾಗದ ಅದರಲ್ಲಿ ಇತ್ತು. ಪರೀಕ್ಷೆಯ ದಿನ ಇರಲಿಲ್ಲ.’ ಅದರ ಮೇಲೆ ಅಮಲ್ದಾರರ ಷರಾ: ‘ಉಮೇದುವಾರ ನೆಪ ಹೇಳುತ್ತಾನೆ.’

ನನಗೂ ಹಾಗೇ ಅನ್ನಿಸಿತು. ಅಳುಬುರುಕ. ಸಿಗಲಿಲ್ಲ ಅಂದರೆ ಸಿಗಲಿಲ್ಲ ಅನ್ನು, ಮುಗಿಯಿತು. ಹನ್ನೊಂದು ವರ್ಷ ಬಿಟ್ಟಿ ದುಡಿದ ಮುಠ್ಠಾಳನಿಗೆ ಅಷ್ಟೂ ಗೊತ್ತಾಗಲಿಲ್ಲ.

15 ಜನವರಿ, ಬುಧವಾರ

ಹಬ್ಬದ ಮಾರನೇ ದಿನವೇ ಆದೇಶ ಬಂದಿದೆ. ರೆಕಾರ್ಡ್ ಕೀಪರ್ ಹುದ್ದೆ ಒಂದನ್ನು ಇಲ್ಲಿರುವ ಗುತ್ತಿಗೆಯವರಿಂದಲೇ ತುಂಬುತ್ತಾರೆ. ನಲವತ್ತೇಳು ತುಂಬಿದವರಿಗೆ ಅವಕಾಶವಿಲ್ಲ. ನನಗೆ ಏಪ್ರಿಲ್‌ಗೆ ನಲವತ್ತೇಳು. ಎಷ್ಟು ದಿನ ಉಳಿದಿದೆ ಎಂದು ಬೆರಳು ಮಡಿಚಿ ಎಣಿಸಿದೆ, ಸುಳ್ಳು ಯಾಕೆ ಹೇಳಲಿ.

ಅರ್ಹರು ಇಬ್ಬರೇ. ನಾನು, ಮತ್ತೆ ಸ್ಕ್ಯಾನಿಂಗಿನ ಶಿಲ್ಪ. ಇಪ್ಪತ್ತಾರರ ಹುಡುಗಿ, ಬಂದು ಮೂರು ವರ್ಷ ಆಗಿಲ್ಲ. ದಾಸರಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿಕೊಂಡು ಬರುತ್ತಾಳೆ, ದಿನಾ ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿರುತ್ತಾಳೆ. ಒಳ್ಳೆಯವಳು. ಆದರೆ ಮೂರು ವರ್ಷ ಎಲ್ಲಿ, ಹದಿನಾಲ್ಕು ವರ್ಷ ಎಲ್ಲಿ!

ಅಶ್ವತ್ಥ್‌ಗೆ ಹೇಳಿದೆ. ಈ ನನ್ನ ಗಂಡ ಎಂಬ ಪ್ರಾಣಿ ಪೀಣ್ಯದ ಮೆಷಿನ್ ಸದ್ದಿಗೆ ಅರ್ಧ ಕಿವುಡಾಗಿದೆ, ನಾಲ್ಕು ಸಲ ಕೂಗಿ ಹೇಳಬೇಕಾಯಿತು. “ಆಯ್ತು ಬಿಡು, ನಿಂಗೇ ಸಿಗುತ್ತೆ. ಇನ್ಯಾರಿದ್ದಾರೆ?” ಅಂದ. ಎರಡನೇ ಸಲ ಅನ್ನ ಹಾಕಿಸಿಕೊಂಡ. ಖುಷಿಯಾಗಿದೆ ಅಂತ ಲೆಕ್ಕ.

20 ಜನವರಿ, ಸೋಮವಾರ

ಪರೀಕ್ಷೆ ಹೇಗೆ ಮಾಡಬೇಕೆಂದು ಆದೇಶದಲ್ಲಿಲ್ಲ. ‘ಕಚೇರಿ ಮಟ್ಟದಲ್ಲಿ ಸೂಕ್ತ ಪ್ರಾಯೋಗಿಕ ಪರೀಕ್ಷೆ’ ಎಂದಷ್ಟೇ ಇದೆ. ಭೀಮರಾಜ್ ತಲೆ ಕೆರೆದುಕೊಳ್ಳುತ್ತಿದ್ದ. ನಾನೇ 1927ರ ಫೈಲು ತೆಗೆದು ಅವನ ಮೇಜಿನ ಮೇಲಿಟ್ಟೆ.

“ಏನ್ರೀ ಇದು, ಸೂಪರ್ ಆಗಿದೆಯಲ್ಲ! ಹಳೇ ಕಾಲದ ಪರೀಕ್ಷೆ. ನಾವೂ ಇಂಗೇ ಮಾಡಿಬಿಡೋಣ. ಹತ್ತು ಕಾಗದ, ಒಬ್ಬೊಬ್ಬರಿಗೆ ಐದು, ಒಂದು ಗಂಟೆ. ಪರೀಕ್ಷೆ ನಡೆಸೋಕೆ ಜಿಲ್ಲೆಯಿಂದ ಅಸ್ಮಾ ಮೇಡಂ ಬರ್ತಾರೆ, ಅವರ್ಗೂ ಹೊಸದಾಗಿರುತ್ತೆ.” ಭೀಮರಾಜ್ ಖುಷಿಯಾದರೆ ಅವನ ಹಳ್ಳಿ ಮಾತು ಹೊರಗೆ ಬರುತ್ತದೆ.

ಆಮೇಲೆ ಅಂದ, “ಆ ಹತ್ತು ಕಾಗದದ ಲಿಸ್ಟ್ ನೀವೇ ಮಾಡ್ಕೊಡಿ ಮೇಡಂ.”

“ನಾನೇ ಕ್ಯಾಂಡಿಡೇಟ್ ಅಲ್ವಾ ಸಾರ್, ಸರಿಹೋಗುತ್ತಾ?”

“ಅಯ್ಯೋ ಬಿಡ್ರೀ. ಒಳಗೇನಿದೆ ಅಂತ ನಿಮ್ಮನ್ನ ಬಿಟ್ರೆ ಯಾರಿಗ್ ಗೊತ್ತು? ನಂಗಂತೂ ಗೊತ್ತಿಲ್ಲ. ನಿಮ್ ಮೇಲೆ ನಂಬಿಕೆ.”

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಈ ಕಚೇರಿಯಲ್ಲಿ ನನಗೊಂದು ಒಳ್ಳೇ ಮಾತು ಬಿತ್ತು. ನಾನೇನು, ಲಿಸ್ಟು ನ್ಯಾಯವಾಗಿಯೇ ಮಾಡುತ್ತೇನೆ. ಸುಲಭದ್ದು ಐದು, ಕಷ್ಟದ್ದು ಐದು. ಎಲ್ಲದರ ಹೆಸರು ಬರೆದು ಸುರುಳಿ ಮಾಡಿ ಡಬ್ಬಿಗೆ ಹಾಕಿ ಎತ್ತುವುದು, ಯಾರಿಗೆ ಯಾವುದು ಬರುತ್ತೋ ಬರಲಿ. ತಂಗಿಯ ಮಗನಿಗೆ ಕೆಲಸ ಕೊಡಿಸಿದವರ ಹಾಗಲ್ಲ ನಾವು.

29 ಜನವರಿ, ಬುಧವಾರ

“ಅಕ್ಕಾ, ನಂಗೂ ಸ್ವಲ್ಪ ಹೇಳ್ಕೊಡ್ತೀರಾ?” ಅಂತ ಶಿಲ್ಪ ಬಂದಳು. ನನ್ನ ಎದುರೇ ಪರೀಕ್ಷೆಗೆ ಕೂರುವವಳು ನನ್ನ ಹತ್ತಿರವೇ ಪಾಠಕ್ಕೆ! ಆ ಧೈರ್ಯಕ್ಕೆ ನಗು ಬಂತು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಸಾಹೇಬರು ನನಗೆ ಹೇಳಿಕೊಟ್ಟದ್ದನ್ನೇ ಹೇಳಿದೆ. ಕೆಂಪು ರುಮಾಲಿನಲ್ಲಿ ಕಟ್ಟಿದ ಗಂಟು ಎಂದೆಂದಿಗೂ ಇಡಬೇಕಾದದ್ದು, ಹಳದಿಯದು ಮೂವತ್ತು ವರ್ಷಕ್ಕೆ, ಬಿಳಿಯದು ಬೇಗ ಸಾಯುವಂಥದ್ದು. ಗಂಟಿನ ಕಿವಿ, ಅಂದರೆ ರುಮಾಲಿನ ಕಟ್ಟಿದ ತುದಿ, ಯಾವಾಗಲೂ ಎಡಕ್ಕಿರಬೇಕು, ಕತ್ತಲಲ್ಲಿ ಮುಟ್ಟಿದರೂ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯ ಗೈರು ಚೀಟಿ. ಒಂದು ಕಾಗದ ಅದರ ಗಂಟಿನಿಂದ ಎತ್ತಿದರೆ ಆ ಜಾಗಕ್ಕೆ ಗುಲಾಬಿ ಚೀಟಿ ಇಡಬೇಕು: ಯಾವ ಕಾಗದ, ಎಲ್ಲಿಗೆ ಹೋಗಿದೆ, ಯಾವತ್ತು, ಯಾರು. ಒಂದು ನಿಮಿಷಕ್ಕಾದರೂ ಸರಿ, ಒಂದು ಹಾಳೆಯಾದರೂ ಸರಿ.

“ಆಮೇಲೆ ಇಡೋಣ ಅಂದ್ರೆ?”

“ಆಮೇಲೆ ಅನ್ನೋದು ಈ ರೂಮಲ್ಲಿ ಇಲ್ಲ ಕಣೇ. ಮೊದಲ ವರ್ಷ ಒಂದು ಸಲ ಮರ್ತಿದ್ದೆ. ಸಾಹೇಬರು ಬೈಲಿಲ್ಲ, ಒಂದು ಮಾತಾಡ್ಲಿಲ್ಲ. ಮೂರು ದಿನ ನನ್ನ ಕೈಯಿಂದ ಟೀ ಈಸ್ಕೊಳ್ಲಿಲ್ಲ ಅಷ್ಟೇ. ಅವತ್ತಿಂದ ನನ್ನ ಕೈಯೇ ಬರ್ಕೊಂಡು ಹೋಗುತ್ತೆ.”

ಎಲ್ಲವನ್ನೂ ಬರೆದುಕೊಂಡಳು. ಬರಹ ಕಾಗೆ ಕಾಲಿನ ಹಾಗಿದೆ, ಪಾಪ. ಆ ಅಮಲ್ದಾರನ ಎದುರು ಕೂತಿದ್ದರೆ ಮೊದಲ ಗೆರೆಗೇ ಎದ್ದು ಹೋಗು ಅನ್ನುತ್ತಿದ್ದ.

3 ಫೆಬ್ರವರಿ, ಸೋಮವಾರ

ಸುಮ್ಮನೆ ನೋಡೋಣವೆಂದು ಶಿಲ್ಪಳಿಗೆ ಒಂದು ಕಾಗದ ಹೇಳಿದೆ. ಲಿಸ್ಟಿನದ್ದಲ್ಲ, ಬೇರೆ. 1941ರ ಹೆಬ್ಬಾಳದ ದನಗಳ ಗಣತಿ. ನನಗಾದರೆ ಹನ್ನೆರಡು ನಿಮಿಷ.

ಏಳು ನಿಮಿಷದಲ್ಲಿ ತಂದಿಟ್ಟಳು.

ಮೂರು ವರ್ಷದಿಂದ ಸ್ಕ್ಯಾನ್ ಮಾಡುವಾಗ ಯಾವ ಗಂಟು ಯಾವ ಹಲಗೆಯದು ಎಂದು ತಾನೇ ಒಂದು ಪಟ್ಟಿ ಮಾಡಿಕೊಂಡಿದ್ದಾಳಂತೆ. ಬರೆದಿಟ್ಟುಕೊಂಡು ಬಾಯಿಪಾಠ ಮಾಡಿದ್ದಾಳೆ. “ಬಸ್ಸಲ್ಲಿ ಓದ್ಕೊಳ್ತೀನಿ ಅಕ್ಕಾ, ಎರಡು ಬಸ್ಸು ಅಲ್ವಾ” ಅಂತ ನಕ್ಕಳು. ಜೊತೆಗೆ ಹರೆಯದ ಮೊಣಕಾಲು, ಏಣಿಯನ್ನು ಅಳಿಲಿನ ಹಾಗೆ ಹತ್ತುತ್ತಾಳೆ. ನಾನು ಮೂರನೇ ಮೆಟ್ಟಿಲಿಗೆ ನಿಂತು ಉಸಿರು ತೆಗೆದುಕೊಳ್ಳಬೇಕು.

ರಾತ್ರಿ ಮಲಗುವ ಮುಂಚೆ ಲಿಸ್ಟು ತೆಗೆದು ಇನ್ನೊಂದು ಸಲ ಓದಿದೆ.

9 ಫೆಬ್ರವರಿ, ಭಾನುವಾರ

ಆರ್.ಟಿ. ನಗರಕ್ಕೆ ಹೋಗಿ ವಹಾಬ್ ಸಾಹೇಬರನ್ನು ನೋಡಿ ಬಂದೆ. ಎಪ್ಪತ್ತೆರಡಾಯಿತು, ಕಣ್ಣು ಮಂಜು. ಹೆಂಡತಿ ಬದರುನ್ನೀಸಾ ಬೇಗಂ ಬೇಡಬೇಡವೆಂದರೂ ಸುಲೈಮಾನಿ ಚಹಾ, ಸಮೋಸ ತಂದಿಟ್ಟರು. ಪರೀಕ್ಷೆಯ ವಿಷಯ ಹೇಳಿದೆ. ಸಾಹೇಬರಿಗೆ ತಮ್ಮ ಪರೀಕ್ಷೆ ನೆನಪಾಯಿತು.

“ಎಪ್ಪತ್ತೈದನೇ ಇಸವೀಲಿ ನನ್ನ ಕಣ್ಣಿಗೆ ಬಟ್ಟೆ ಕಟ್ಟಿಬಿಟ್ರು ಬೇಟಿ. ಕೈಗೆ ಒಂದೊಂದೇ ಕಾಗದ ಕೊಡೋದು, ಯಾವ ಕಾಲದ್ದು ಹೇಳು ಅನ್ನೋದು. ಚಿಂದಿ ಬಟ್ಟೆ ಕಾಗದ ಬೇರೆ, ಗಿರಣಿ ಕಾಗದ ಬೇರೆ, ಯುದ್ಧದ ಕಾಲದ್ದು ಒರಟು. ಎಂಟಕ್ಕೆ ಎಂಟೂ ಹೇಳ್ದೆ. ಅಪ್ಪನ ಹೆಸರು ಕೇಳ್ಲಿಲ್ಲ, ಜಾತಿ ಕೇಳ್ಲಿಲ್ಲ. ಕೈ ನೋಡಿ ಕೆಲಸ ಕೊಟ್ರು.”

ಮಾತಿನ ನಡುವೆ ಕೇಳಿದೆ, “ಸಾಹೇಬ್ರೇ, ನಮ್ಮ ರೂಮಲ್ಲಿ ಕಾಗದ ಸಿಗದೇ ಹೋಗೋದು ಹೇಗೆ?”

“ಇಲಿ ತಿಂದ್ರೆ ಸಿಗಲ್ಲ. ನೀರು ಬಿದ್ರೆ ಸಿಗಲ್ಲ.” ಚಹಾದ ಲೋಟ ಕೆಳಗಿಟ್ಟರು. “ಇಲ್ದಿದ್ರೆ ಯಾರೋ ಬೇರೆ ಗಂಟಲ್ಲಿ ಕಟ್ಟಿಬಿಟ್ರೆ. ಸುಡೋದು, ಹರಿಯೋದು ಏನೂ ಬೇಡಮ್ಮಾ. ಬೇರೆ ಗಂಟಿಗೆ ಹೋದ ಕಾಗದ ಸತ್ತಂಗೆ. ಯಾಕೆ ಕೇಳ್ದೆ?”

ಸುಮ್ಮನೆ ಕೇಳಿದ್ದು ಅಂದೆ. ಸುಮ್ಮನೆಯೇ ಕೇಳಿದ್ದು. ಹೊರಡುವಾಗ ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಬಂದರು. “ನಿಂಗೇ ಆಗ್ಬೇಕು. ನಿನ್ನಂಥ ಕೈ ನಾನು ಇನ್ನೊಂದು ನೋಡಿಲ್ಲ” ಅಂದರು. ಬಸ್ ಸ್ಟ್ಯಾಂಡ್ ತನಕ ಅಳು ತಡೆದುಕೊಂಡೆ.

12 ಫೆಬ್ರವರಿ, ಬುಧವಾರ

ಏರ್ ಶೋ ಗಲಾಟೆ. ಬೆಳಗಿನಿಂದ ಯುದ್ಧವಿಮಾನಗಳು ತಲೆಯ ಮೇಲೆಯೇ ಹರಿದು ಹೋಗುತ್ತಿವೆ. ಕಿಟಕಿ ಗಾಜು ಅದುರಿ ಹಲಗೆಗಳಿಂದ ಧೂಳು ಉದುರಿತು. ರಸ್ತೆಯೆಲ್ಲ ಜಾಮ್. ಶಿಲ್ಪ ಹೆಬ್ಬಾಳದಲ್ಲೇ ಬಸ್ಸಿಳಿದು ನಡೆದುಕೊಂಡು ಬಂದಳಂತೆ. ಹತ್ತು ಗಂಟೆಗೆ ಸರಿಯಾಗಿ ಬಾಗಿಲಲ್ಲಿದ್ದಳು. ಚಪ್ಪಲಿ ಕಿತ್ತಿತ್ತು.

ಅವಳಿಗಿನ್ನೂ ಇಪ್ಪತ್ತಾರು. ಮುಂದೆ ಇಂಥ ಹತ್ತು ಪರೀಕ್ಷೆ ಬರೆಯಬಹುದು. ನನಗೆ ಏಪ್ರಿಲ್ ಬಂದರೆ ಬಾಗಿಲು ಮುಚ್ಚಿತು. ಇದು ನ್ಯಾಯದ ಮಾತು, ಹೊಟ್ಟೆಕಿಚ್ಚಿನದ್ದಲ್ಲ. ಈ ರೂಮಿಗೆ ನಾನು ಕೊಟ್ಟದ್ದು ಯಾವ ಐದು ಸುರುಳಿಗೂ ಹಿಡಿಸುವುದಿಲ್ಲ. ಒಂದು ಗಂಟೆಯ ಓಟದಲ್ಲಿ ಮೊಣಕಾಲು ಗೆದ್ದರೆ ಅದು ಪರೀಕ್ಷೆಯೇ? ಲಿಸ್ಟು ಮಾಡಿದವಳು ನಾನು ತಾನೇ. ಅದು ಸರಿಯಾದವರನ್ನು ಆರಿಸುವಂತೆ ನೋಡಿಕೊಳ್ಳುವುದೂ ನನ್ನ ಕೆಲಸವೇ.

17 ಫೆಬ್ರವರಿ, ಸೋಮವಾರ

ಪರೀಕ್ಷೆ ಗುರುವಾರ.

18 ಫೆಬ್ರವರಿ, ಮಂಗಳವಾರ

ಬರೆಯಲೋ ಬೇಡವೋ. ನಾನೇ ಓದುವ ಡೈರಿ, ಯಾರ ಭಯ?

ಶಿಲ್ಪ ಮೂರು ಗಂಟೆಗೇ ರಜೆ ಹಾಕಿ ಹೋದಳು. ರೂಮಿನಲ್ಲಿ ಒಬ್ಬಳೇ. ಲಿಸ್ಟಿನ ಹತ್ತರಲ್ಲಿ ಒಂದು, 1934ರ ಜಕ್ಕೂರು ದಾರಿಯ ಹೊಂಗೆ ಮರಗಳ ಎಣಿಕೆ ಪಟ್ಟಿ. ನಾಲ್ಕೇ ಹಾಳೆ. ಅದನ್ನು ಅದರ ಗಂಟಿನಿಂದ ತೆಗೆದೆ. ಸುರುಳಿ ನನಗೆ ಬಂದರೆ ಎಲ್ಲಿದೆ ಎಂದು ನನಗೆ ಗೊತ್ತು. ಅವಳಿಗೆ ಬಂದರೆ ಅವಳಿಗೆ ಗೊತ್ತಿಲ್ಲ. ಅವಳ ಬಾಕಿ ನಾಲ್ಕೂ ಸಿಗುತ್ತವೆ, ಮರ್ಯಾದೆಗೇನೂ ಕಮ್ಮಿಯಾಗುವುದಿಲ್ಲ.

ಎಲ್ಲಿಡುವುದು ಎಂದು ನೋಡಿದೆ. ತೀರಾ ಮೇಲಿನ ಹಲಗೆಯಲ್ಲಿ ಮಳೆ ಮಾಪನದ ಗಂಟಿದೆ, ಕೆಂಪು ರುಮಾಲು ಬಿಸಿಲಿಗೆ ಕಂದಿಹೋಗಿದೆ. ಎಷ್ಟು ಮಳೆ ಬಿತ್ತೆಂದು ನೂರು ವರ್ಷದ ಹಿಂದಿನ ಲೆಕ್ಕ ಯಾವನಿಗೆ ಬೇಕು? ನಾನೇ ಅದನ್ನು ಒಂದು ಸಲವೂ ಬಿಚ್ಚಿದವಳಲ್ಲ. ಏಣಿ ಹಾಕಿ, ಉಸಿರು ತೆಗೆದುಕೊಂಡು, ಹತ್ತಿ ಬಿಚ್ಚಿದೆ.

ಒಳಗೆ ಮಳೆಯ ಹಾಳೆಗಳ ನಡುವೆ ಬೇರೆ ಅಳತೆಯ ಕಾಗದ. ‘ಅಲ್ಲಾಳಸಂದ್ರ ಕೆರೆ ತೂಬಿನ ದುರಸ್ತಿ ವರದಿ, 1898.’

ಬೀಳದ ಹಾಗೆ ಹಲಗೆ ಹಿಡಿದುಕೊಂಡೆ. ಅಪ್ಪೂರಾಯನ ಐದನೇ ಕಾಗದ! ತೊಂಬತ್ತೆಂಟು ವರ್ಷದಿಂದ ಇಲ್ಲೇ ಕೂತಿದೆ. ಕೆರೆಗೂ ಮಳೆ ಮಾಪನಕ್ಕೂ ಏನು ಸಂಬಂಧ? ಯಾರೋ ಬೇಕೆಂದೇ ತಂದು ಸಿಕ್ಕಿಸಿದ್ದಾರೆ. ಆ ಬಡಪಾಯಿ ನೆಪ ಹೇಳಿದ್ದಲ್ಲ, ನಿಜ ಹೇಳಿದ್ದ. ಥೂ, ಎಂಥ ಜನ! ಹನ್ನೊಂದು ವರ್ಷ ಬಿಟ್ಟಿ ದುಡಿದವನ ಅನ್ನಕ್ಕೆ ಕಲ್ಲು ಹಾಕಿದರಲ್ಲ, ಇವರ ವಂಶ ಹಾಳಾಗ ಎಂದು ಬೈದೆ. ರೂಮಿನಲ್ಲಿ ಯಾರೂ ಇಲ್ಲ, ಬಾಯಿಬಿಟ್ಟೇ ಬೈದೆ. ಕಣ್ಣಲ್ಲಿ ನೀರು ಬಂತು.

ವರದಿಯನ್ನು ಈಗ ಹೊರತೆಗೆದರೆ ಈ ಗಂಟನ್ನು ಯಾಕೆ ಬಿಚ್ಚಿದಿರಿ ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೆ ಅಲ್ಲೇ ಬಿಟ್ಟೆ. ಹೊಂಗೆ ಮರದ ಪಟ್ಟಿಯನ್ನು ಅದರ ಪಕ್ಕಕ್ಕೇ ಇಟ್ಟೆ. ಆಮೇಲೆ ದಿನದ ಕೆಲಸವನ್ನೆಲ್ಲ ಎಂದಿನ ಹಾಗೇ ಮುಗಿಸಿ, ಗಂಟುಗಳನ್ನು ಕಟ್ಟಿ, ಕಿವಿ ಎಡಕ್ಕೆ ಮಾಡಿ, ಐದೂವರೆಗೆ ಬೀಗ ಹಾಕಿಕೊಂಡು ಬಂದೆ.

ಪರೀಕ್ಷೆ ಮುಗಿಯಲಿ, ನನ್ನ ಸಹಿ ಬೀಳಲಿ. ಮೊದಲು ಮಾಡುವ ಕೆಲಸವೇ ಅಪ್ಪೂರಾಯನ ಕಾಗದವನ್ನು ಅವನ ಫೈಲಿಗೆ ಸೇರಿಸುವುದು. ಆ ಮನುಷ್ಯನಿಗೆ ನ್ಯಾಯ ಸಿಗಲೇಬೇಕು.

20 ಫೆಬ್ರವರಿ, ಗುರುವಾರ

ಬರೆಯುತ್ತೇನೆ. ಕೈಗೆ ಬೇರೆ ಕೆಲಸ ತಿಳಿಯದು.

ಅಸ್ಮಾ ಮೇಡಂ ಹತ್ತೂವರೆಗೆ ಬಂದರು. ನನಗಿಂತ ಚಿಕ್ಕವರು, ಮೆತ್ತಗೆ ಮಾತಾಡುತ್ತಾರೆ. 1927ರ ಫೈಲನ್ನು ಪೂರ್ತಿ ಓದಿ, “ಪಾಪ, ಅಪ್ಪೂರಾಯ” ಅಂದರು. ಭೀಮರಾಜ್ ಸ್ವೀಟ್ ಡಬ್ಬಿಯೊಂದರಲ್ಲಿ ಸುರುಳಿಗಳನ್ನು ಕುಲುಕಿದ. ನಾನು ಐದು ಎತ್ತಿದೆ, ಶಿಲ್ಪ ಐದು ಎತ್ತಿದಳು. ಅವಳ ನಾಲ್ಕನೆಯದು ಹೊಂಗೆ ಮರ. ನನ್ನೆದೆ ಹಗುರವಾಯಿತು.

ಮೊದಲು ನಾನು ಹೋದೆ. ಇಪ್ಪತ್ತೆರಡು ನಿಮಿಷಕ್ಕೆ ಐದೂ ತಂದೆ. ಅಸ್ಮಾ ಮೇಡಂ ಗಡಿಯಾರ ನೋಡಿ ಹುಬ್ಬೇರಿಸಿದರು.

ಶಿಲ್ಪ ಹೋದಳು. ಹತ್ತು ನಿಮಿಷ. ಹದಿನೈದು. ಭೀಮರಾಜ್ ಆಕಳಿಸಿದ. ಮನೆಗೆ ಹೋಗುವಾಗ ಸಾಹೇಬರಿಗೆ ಏನು ಕೊಂಡುಹೋಗಲಿ ಎಂದು ನಾನು ಯೋಚಿಸುತ್ತಿದ್ದೆ. ಹತ್ತೊಂಬತ್ತನೇ ನಿಮಿಷಕ್ಕೆ ತಲೆ ತುಂಬ ಧೂಳು ಮಾಡಿಕೊಂಡು ಬಂದಳು. ಕೈಯಲ್ಲಿ ಐದು.

ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

“ಹೊಂಗೆ ಮರದ್ದು ಅದರ ಗಂಟಲ್ಲಿ ಇರ್ಲಿಲ್ಲ ಮೇಡಂ, ಒಂದು ಕ್ಷಣ ಭಯ ಆಗ್ಬಿಡ್ತು” ಅಂತ ಏದುಸಿರು ಬಿಡುತ್ತಾ ಹೇಳಿದಳು. “ಆದ್ರೆ ನಮ್ಮಕ್ಕ ಎಷ್ಟು ನೀಟು ಅಂದ್ರೆ, ಚೀಟಿ ಇಟ್ಟಿದ್ರು! ಎಲ್ಲಿಗೆ ಹೋಗಿದೆ ಅಂತ ಬರೆದಿತ್ತು. ಸೀದಾ ಹೋಗಿ ತಗೊಂಡ್ಬಂದೆ. ಈ ರೂಮಲ್ಲಿ ಏನೂ ಕಳೆಯಲ್ಲ ಮೇಡಂ, ಅಕ್ಕ ಇರೋವರೆಗೂ.”

ಗುಲಾಬಿ ಚೀಟಿಯನ್ನು ಅಸ್ಮಾ ಮೇಡಂ ಕೈಗೆ ಕೊಟ್ಟಳು. ನನ್ನ ಅಕ್ಷರ. ‘ಹೊಂಗೆ ಮರಗಳ ಎಣಿಕೆ ಪಟ್ಟಿ, 4 ಹಾಳೆ. ಮಳೆ ಮಾಪನದ ಗಂಟಿಗೆ. 18-2-2025. ರಾ.’

ಯಾವಾಗ ಬರೆದೆ? ದೇವರಾಣೆಗೂ ನೆನಪಿಲ್ಲ.

ಅಸ್ಮಾ ಮೇಡಂ ಚೀಟಿಯನ್ನು ಎರಡು ಸಲ ಓದಿದರು. ಲಿಸ್ಟು ಯಾರು ಮಾಡಿದ್ದು ಎಂದು ಭೀಮರಾಜನನ್ನು ಕೇಳಿದರು. “ಇವರೇ ಮೇಡಂ. ನಾನು ಬೇಡ ಅಂದೆ, ಇವರೇ ಮಾಡ್ಕೊಡ್ತೀನಿ ಅಂದ್ರು” ಅಂದ. ಎಂಥ ನಾಲಗೆ! ಮೇಡಂ ನನ್ನ ಕಡೆ ತಿರುಗಿದರು. “ಎರಡು ದಿನದ ಹಿಂದೆ ಹೊಂಗೆ ಮರದ ಪಟ್ಟೀನ ಮಳೆ ಗಂಟಿಗೆ ಯಾಕೆ ಕಳಿಸಿದ್ರಿ ರಾಧಾಮಣಿಯವರೇ?”

ಅವರು ಜೋರು ಮಾಡಿದ್ದರೆ ಜಗಳವಾಡುತ್ತಿದ್ದೆ. ಕೇಳಿದ್ದು ಮೆತ್ತಗೆ. ಶಿಲ್ಪ ನನ್ನ ಮುಖ ನೋಡಿದಳು, ಚೀಟಿ ನೋಡಿದಳು, ಆಗ ಅವಳಿಗೆ ಗೊತ್ತಾಯಿತು. ಅವಳ ಮುಖ ಬಿಳಿಚಿದ್ದನ್ನು ಕಂಡೆ.

21 ಫೆಬ್ರವರಿ, ಶುಕ್ರವಾರ

ಅಶ್ವತ್ಥ್‌ಗೆ ‘ಆಗಲಿಲ್ಲ’ ಎಂದಷ್ಟೇ ಹೇಳಿದೆ. ಮೊದಲ ಸಲಕ್ಕೇ ಕೇಳಿಸಿತು. ರಾತ್ರಿಯ ಪಾತ್ರೆ ಅವನೇ ತೊಳೆದ.

ಶಿಲ್ಪ ಮಧ್ಯಾಹ್ನ ಬಂದು ಅತ್ತಳು. “ಅಕ್ಕಾ, ನಿಮ್ಮ ಒಳ್ಳೇದಕ್ಕೇ ಅಂತ ಹೇಳ್ದೆ. ನಿಮ್ಮನ್ನ ಹೊಗಳೋಣ ಅಂತ. ಗೊತ್ತಿದ್ರೆ ಆ ಚೀಟಿ ನುಂಗಿಬಿಡ್ತಿದ್ದೆ.”

“ನುಂಗಬಾರದು. ಚೀಟಿ ನುಂಗೋಳು ರೆಕಾರ್ಡ್ ಕೀಪರ್ ಆಗಲ್ಲ. ಅತ್ತಿದ್ದು ಸಾಕು, ಗಂಟು ಸಡಿಲ ಕಟ್ಟಿದ್ದೀಯ, ಬಿಚ್ಚಿ ಕಟ್ಟು” ಅಂದೆ. ಕಟ್ಟಿದಳು. ಒಳಗೊಳಗೆ ಆ ಹುಡುಗಿಯ ಮೇಲೆ ಬೆಂಕಿಯಂಥ ಕೋಪ. ಅದಕ್ಕೆ ಕಾರಣವಿಲ್ಲವೆಂದು ಗೊತ್ತು. ಆದರೂ ಇದೆ.

ಒಂದೇ ಯೋಚನೆ ತಲೆ ಕೊರೆಯುತ್ತಿದೆ. 1927ರಲ್ಲಿ ತೂಬಿನ ವರದಿ ಬಚ್ಚಿಟ್ಟವನು ಚೀಟಿ ಇಡಲಿಲ್ಲ. ಇಟ್ಟಿದ್ದರೆ ಅಪ್ಪೂರಾಯನಿಗೆ ಸಿಗುತ್ತಿತ್ತು. ಅವನು ಬರೀ ಕಳ್ಳ, ಅದಕ್ಕೆ ಗೆದ್ದ. ನಾನು ಅಷ್ಟೂ ಆಗಲಿಲ್ಲ. ಹದಿನಾಲ್ಕು ವರ್ಷ ಕಲಿತ ಕೆಲಸವೇ ನನ್ನ ಕೈ ಹಿಡಿದು ಬರೆಸಿ ನನ್ನನ್ನು ಹೊರಗೆ ಹಾಕಿತು. ಸಾಹೇಬರ ಆ ಮೂರು ದಿನದ ಟೀ ನೆನಪಾಗುತ್ತದೆ. ಅವರಿಗೆ ಯಾರು ಹೇಳುವುದು?

24 ಫೆಬ್ರವರಿ, ಸೋಮವಾರ

ಏಜೆನ್ಸಿಯಿಂದ ಫೋನು. ಮಾರ್ಚ್ ಒಂದರಿಂದ ಬರುವುದು ಬೇಡ. ಬೇರೆ ಕಡೆ ಜಾಗ ಖಾಲಿಯಾದರೆ ‘ಮುಂದೆ ನೋಡೋಣ’ ಅಂದ ಆ ಹುಡುಗ. ಅಪ್ಪೂರಾಯನ ಅರ್ಜಿಗಳ ಮೇಲಿದ್ದ ಷರಾ ನೆನಪಾಗಿ ಫೋನಿನಲ್ಲೇ ನಕ್ಕುಬಿಟ್ಟೆ. ಅವನು ಹೆದರಿ ಇಟ್ಟುಬಿಟ್ಟ.

28 ಫೆಬ್ರವರಿ, ಶುಕ್ರವಾರ

ಕೊನೆಯ ದಿನ. ಬೀಗದ ಗೊಂಚಲು, ಏಣಿ, ರುಮಾಲುಗಳು, ಗುಲಾಬಿ ಚೀಟಿಯ ಕಟ್ಟು, ಎಲ್ಲವನ್ನೂ ಶಿಲ್ಪಳಿಗೆ ಒಪ್ಪಿಸಿದೆ. ಅವಳ ನೇಮಕದ ಆದೇಶ ನಿನ್ನೆ ಬಂತು. ಹುಡುಗಿ ನನ್ನ ಕುರ್ಚಿಯಲ್ಲಿ ಕೂರಲು ಒಪ್ಪದೆ ದಿನವಿಡೀ ನಿಂತೇ ಇದ್ದಳು. ನಾಲ್ಕು ಗಂಟೆಗೆ ನಾನೇ ಭುಜ ಹಿಡಿದು ಕೂರಿಸಿದೆ. ಭೀಮರಾಜ್ ಈ ಕಡೆ ತಲೆ ಹಾಕಲಿಲ್ಲ.

ಒಂದು ಕೆಲಸ ಬಾಕಿಯಿತ್ತು. ಏಣಿ ಹತ್ತಿ ಮಳೆ ಮಾಪನದ ಗಂಟು ಬಿಚ್ಚಿ ತೂಬಿನ ವರದಿ ತೆಗೆದೆ. ಕೆಳಗೆ ಏಣಿ ಹಿಡಿದುಕೊಂಡಿದ್ದ ಶಿಲ್ಪ ಕೇಳುವ ಮೊದಲೇ ಗೈರು ಚೀಟಿ ಬರೆದು ಅದರ ಜಾಗಕ್ಕಿಟ್ಟೆ. ವರದಿಯನ್ನು ಅಪ್ಪೂರಾಯನ ಫೈಲಿಗೆ ಸೇರಿಸಿ, ಅಮಲ್ದಾರರ ಷರಾದ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದೆ: ‘ಸದರಿ ಕಾಗದ ದಿನಾಂಕ 18-2-2025ರಂದು ಬೇರೆ ಗಂಟಿನಲ್ಲಿ ಸಿಕ್ಕಿದೆ. ಉಮೇದುವಾರ ಹೇಳಿದ್ದು ನಿಜ.’

ಸಹಿ ಮಾಡಿದೆ. ಗುತ್ತಿಗೆಯವರು ಮಾಡುವಂತಿಲ್ಲ, ಆದರೆ ಇನ್ನು ನನ್ನನ್ನು ಯಾವ ಕೆಲಸದಿಂದ ತೆಗೆಯುತ್ತಾರೆ? ಸಹಿಯ ಕೆಳಗೆ ಹುದ್ದೆ ಬರೆಯಬೇಕು, ಅದಿಲ್ಲದೆ ಟಿಪ್ಪಣಿ ಪೂರ್ತಿಯಾಗುವುದಿಲ್ಲ. ತುಂಬ ಹೊತ್ತು ಪೆನ್ನು ಹಿಡಿದುಕೊಂಡು ಕೂತಿದ್ದೆ. ಆಮೇಲೆ ‘ಉಮೇದುವಾರಳು’ ಎಂದು ಬರೆದೆ.

ಶಿಲ್ಪ ಅದನ್ನು ಓದಿದಳು. ರಿಜಿಸ್ಟರ್ ಎಳೆದುಕೊಂಡು, ಯಾವ ಕಾಗದ ಎಲ್ಲಿಂದ ಎಲ್ಲಿಗೆ ಹೋಯಿತೆಂದು ತನ್ನ ಕಾಗೆ ಕಾಲಿನ ಅಕ್ಷರದಲ್ಲಿ ನಿಧಾನವಾಗಿ ನಮೂದಿಸಿ, ಕೊನೆಯ ಕಾಲಮ್ಮಿನಲ್ಲಿ ಸಹಿ ಹಾಕಿದಳು.